ಗಂಗತ್ತೆ ಅಗಿದ ಗಳಿಗೆ

ಬೇಸಿಗೆ ರಜೆಗೆಂದು ತೀರ್ಥಹಳ್ಳಿಗೆ ಬಂದಿರುವ ನನ್ನ ಮೊಮ್ಮಗಳು ದಿನಾ ಬೆಳಿಗ್ಗೆ ಜಗಲಿಯ ಕಟ್ಟೆಯ ಮೇಲೆ ಹಕ್ಕಿಗಳಿಗೆ ನೀರಿಡುತ್ತಾಳೆ. ಮೊದಮೊದಲು ತೆಂಗಿನ ಚಿಪ್ಪಿನಲ್ಲಿ ಇಡುತ್ತಿದ್ದಳು. ಮೊನ್ನೆ ಅಟ್ಟದಿಂದ ಒಂದು ತಾಮ್ರದ ಬಟ್ಟಲು ಹುಡುಕಿ ತಂದಳು. ಅಂದಿನಿಂದ ಒಂದು ವಿಚಿತ್ರ. ತುಂಬಿಸಿಟ್ಟು ತಿಂಡಿ ತಿಂದು ಬರುವಷ್ಟರಲ್ಲಿ ಬಟ್ಟಲು ಖಾಲಿ. ಮತ್ತೆ ತುಂಬಿಸಿದರೆ ಮತ್ತೆ ಖಾಲಿ. ತೀರ್ಥಹಳ್ಳಿಯ ಹಕ್ಕಿಗಳ ಹೊಟ್ಟೆ ಅದೆಷ್ಟು ದೊಡ್ಡದೆಂದು ಅವಳು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ನಾನು ಏನೆಂದು ನೋಡಹೋದರೆ, ಅದು ನಮ್ಮ ಅವ್ವನ ಗಳಿಗೆ ಬಟ್ಟಲು. ತಳದಲ್ಲಿ ಸೂಜಿಮೊನೆಯಷ್ಟು ತೂತು.

ಇದು ಗಡಿಯಾರ ಕಣೇ ಎಂದೆ. ಅವಳು ಬಟ್ಟಲನ್ನು ಮೇಲೆ ಕೆಳಗೆ ತಿರುಗಿಸಿ ಮುಳ್ಳು ಹುಡುಕಿದಳು. ನಾನು ವಿವರಿಸತೊಡಗಿದೆ. ಹಂಡೆಯ ನೀರಿನ ಮೇಲೆ ಇದನ್ನು ತೇಲಿಬಿಡಬೇಕು. ತೂತಿನಿಂದ ನೀರು ಒಳಗೆ ಏರುತ್ತಾ ಏರುತ್ತಾ ಬಂದು ಕೊನೆಗೆ ಬಟ್ಟಲು ಗುಳುಂ ಎಂದು ಮುಳುಗುತ್ತದೆ. ಆಗ ಒಂದು ಗಳಿಗೆ, ಅಂದರೆ ಇಪ್ಪತ್ತನಾಲ್ಕು ನಿಮಿಷ. ತೆಗೆದು ಬಗ್ಗಿಸಿ ಮತ್ತೆ ತೇಲಿಬಿಟ್ಟರೆ ಇನ್ನೊಂದು ಗಳಿಗೆ. ಹಿಂದೆ ಮದುವೆಗಳಲ್ಲಿ ಮುಹೂರ್ತ ನೋಡುತ್ತಿದ್ದದ್ದು ಹೀಗೆ. ಅವಳು ಎಲ್ಲವನ್ನೂ ಕೇಳಿ, ನೀರಲ್ಲಿ ಮುಳುಗಿದರೆ ಗಡಿಯಾರ ಕೆಟ್ಟುಹೋಗುವುದಿಲ್ಲವೇ ಎಂದಳು. ವಿವರಿಸುವ ವಿದ್ಯೆ ನಮ್ಮ ಮನೆತನದಲ್ಲಿ ಧಾರಾಳವಾಗಿತ್ತು, ಆದರೆ ಅಷ್ಟನ್ನೂ ನನ್ನ ಅಣ್ಣ ಒಬ್ಬನೇ ಬಾಚಿಕೊಂಡುಬಿಟ್ಟಿದ್ದ.

ಶಂಕರಣ್ಣ ನನಗಿದ್ದ ಒಬ್ಬನೇ ಅಣ್ಣ. ಅರವತ್ತರ ದಶಕದಲ್ಲಿ ಸಾಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ. ವಾರವಿಡೀ ಮಕ್ಕಳಿಗೆ ಹೇಳಿದ್ದು ಸಾಲದೆಂದು ಭಾನುವಾರ ಸೈಕಲ್ಲಿನ ಹಿಂದೆ ಒಂದು ಲಾಟೀನು, ಒಂದು ತೆಂಗಿನಕಾಯಿ, ಒಂದು ನಿಂಬೆಹಣ್ಣು ಕಟ್ಟಿಕೊಂಡು ಊರೂರಿಗೆ ಹೊರಡುತ್ತಿದ್ದ. ಲಾಟೀನು ಸೂರ್ಯ, ತೆಂಗಿನಕಾಯಿ ಭೂಮಿ, ನಿಂಬೆಹಣ್ಣು ಚಂದ್ರ. ಯಾವುದಾದರೂ ಶಾಲೆಯ ಜಗಲಿಯಲ್ಲೋ ಅಕ್ಕಿ ಗಿರಣಿಯ ಮುಂದೋ ನಾಲ್ಕು ಜನ ಸೇರಿದರೆ ಸಾಕು, ಹಗಲು ರಾತ್ರಿ ಹೇಗಾಗುತ್ತದೆ, ಗ್ರಹಣ ಏಕೆ ಹಿಡಿಯುತ್ತದೆ ಎಂದು ಶುರುಮಾಡುತ್ತಿದ್ದ. ಹೊಸನಗರದ ದಾರಿಯಲ್ಲಿ ಒಮ್ಮೆ ಒಬ್ಬರು ಸೈಕಲ್ಲಿನ ಹಿಂದಿನ ತೆಂಗಿನಕಾಯಿ ನಿಂಬೆಹಣ್ಣು ನೋಡಿ, ಇವನು ಮಾಟ ತೆಗೆಯುವವನೇ ಇರಬೇಕೆಂದುಕೊಂಡು ತಮ್ಮ ಎಮ್ಮೆ ಹಾಲು ಕೊಡದ ಸಂಗತಿ ತೋಡಿಕೊಂಡರಂತೆ. ಅಣ್ಣ ಅವರಿಗೆ ಚಂದ್ರಗ್ರಹಣ ಹೇಳಿಕೊಟ್ಟು ಕಳಿಸಿದ. ಎಮ್ಮೆ ಆಮೇಲೆ ಏನು ಮಾಡಿತೋ ತಿಳಿಯದು.

ಅವನ ವಿವರಣೆಯಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಅವನು ಹೇಳುತ್ತಿರುವಷ್ಟು ಹೊತ್ತು ನನಗೆ ಎಲ್ಲವೂ ನೀರು ಕುಡಿದಷ್ಟು ಸುಲಭವಾಗಿ ಅರ್ಥವಾಗುತ್ತಿತ್ತು. ಎದ್ದು ಅಡುಗೆಮನೆಯ ಹೊಸ್ತಿಲು ದಾಟುವಾಗ ಅರ್ಧ ಮರೆತಿರುತ್ತಿತ್ತು. ಒಲೆಯ ಮುಂದೆ ಕೂತಾಗ, ಭೂಮಿ ತಿರುಗುವುದಾದರೆ ಬೆಳಿಗ್ಗೆ ಬಾವಿ ಕಟ್ಟೆಯ ಮೇಲಿಟ್ಟ ಕೊಡ ಸಂಜೆಯೂ ಅಲ್ಲೇ ಹೇಗಿದೆ ಎಂಬ ಹೊಸ ಗೊಂದಲ ಹುಟ್ಟಿರುತ್ತಿತ್ತು. ಕೇಳಿದರೆ ಮತ್ತೊಂದು ಗಂಟೆ. ಅದಕ್ಕೇ ಕೇಳುತ್ತಿರಲಿಲ್ಲ. ಆ ಕೊಡದ ವಿಷಯ ಇವತ್ತಿಗೂ ನನಗೆ ಬಗೆಹರಿದಿಲ್ಲ, ನಿಮಗೆ ಗೊತ್ತಿದ್ದರೂ ದಯವಿಟ್ಟು ಹೇಳಬೇಡಿ.

ಇನ್ನು ನಮ್ಮ ಅಪ್ಪಯ್ಯ. ಅವರು ರಿಪ್ಪನ್‌ಪೇಟೆಯಲ್ಲಿ ಬಸ್ ಏಜೆಂಟರು. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಟೈಂಪೀಸು, ಒಂದು ಸೀಟಿ, ಇಷ್ಟೇ ಅವರ ಸಾಮ್ರಾಜ್ಯ. ದಿನವಿಡೀ ಸಮಯದ ಜೊತೆಗೇ ಇದ್ದೂ ಅವರಿಗೆ ಸಮಯದ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹತ್ತು ಗಂಟೆ ಬಸ್ಸು ಎಂದರೆ ಅದು ಬಸ್ಸಿನ ಹೆಸರೇ ಹೊರತು ಬರುವ ಹೊತ್ತಲ್ಲ ಎಂದು ಹೊಸಬರಿಗೆ ತಿಳಿಹೇಳುತ್ತಿದ್ದರು. ಹತ್ತು ಗಂಟೆ ಬಸ್ಸು ಹನ್ನೊಂದಕ್ಕೆ ಬಂದಾಗ ಸೀಟಿ ಊದಿ, ಹತ್ತು ಗಂಟೆ ಬಸ್ಸು ಬಂತು ಎಂದು ಗಟ್ಟಿಯಾಗಿ ಕೂಗುತ್ತಿದ್ದರು. ಯಾರಿಗೂ ಅದರಲ್ಲಿ ತಪ್ಪು ಕಂಡದ್ದಿಲ್ಲ.

ಇಂಥ ಮನೆಯಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಹುಡುಗನ ಕಡೆಯವರು ತೀರ್ಥಹಳ್ಳಿ ಹತ್ತಿರದ ಗೌಡರು, ಗದ್ದೆ ತೋಟ ಇದ್ದವರು. ಎಲ್ಲ ಸರಿಯಿತ್ತು, ನನ್ನ ಜಾತಕ ಒಂದನ್ನು ಬಿಟ್ಟು. ಅದರಲ್ಲಿ ಏನೋ ಒಂದು ದೋಷ ಕೂತಿತ್ತು. ಯಾವ ಗ್ರಹ ಯಾವ ಮನೆಯಲ್ಲಿ ಎಂದು ನನಗೆ ಆಗಲೂ ತಿಳಿಯಲಿಲ್ಲ. ಅವ್ವನಿಗೆ ಮಾತ್ರ ಅನ್ನ ಸೇರದಾಯಿತು. ಹೊಸನಗರದ ಕಡೆಯಿಂದ ಬಂದ ಪುರೋಹಿತ ಭಟ್ಟರು ಅವಳಿಗೆ ಧೈರ್ಯ ಹೇಳಿದರು. ನಡುಮಧ್ಯಾಹ್ನ ಸೂರ್ಯ ನೆತ್ತಿಗೆ ಬರುವ ಹೊತ್ತಿನ ಅಭಿಜಿನ್ ಮುಹೂರ್ತದಲ್ಲಿ ಧಾರೆ ಎರೆದರೆ ಎಂಥ ದೋಷವಿದ್ದರೂ ಸುಟ್ಟುಹೋಗುತ್ತದೆ, ಆ ಹೊತ್ತು ತಪ್ಪದಂತೆ ನೋಡಿಕೊಂಡರೆ ಸಾಕು ಎಂದರು. ಲೆಕ್ಕ ಹಾಕಿ ಹನ್ನೆರಡು ಇಪ್ಪತ್ತು ಎಂದು ಬರೆದೂ ಕೊಟ್ಟರು. ಅವ್ವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಗಳ ಬಾಳು ಆ ಒಂದು ಹೊತ್ತಿನ ಮೇಲೆ ನಿಂತಿದೆ ಎಂದು ಅವಳು ನಂಬಿದ್ದು ಅಂದಿನಿಂದ.

ವೀಳ್ಯಶಾಸ್ತ್ರದ ದಿನ ಊಟವಾಗಿ ಎಲ್ಲರೂ ಎಲೆಯಡಿಕೆ ಹಾಕುತ್ತಾ ಕೂತಿದ್ದರು. ನನ್ನ ಮಾವನಾಗುವವರು ಸುಮ್ಮನಿರಲಾರದೆ, ಹನ್ನೆರಡು ಗಂಟೆಗೆ ತಾನೇ ಮಧ್ಯಾಹ್ನ, ಇದೇನು ಹನ್ನೆರಡು ಇಪ್ಪತ್ತು ಎಂದು ಕೇಳಿದರು. ಕೇಳಬಾರದಿತ್ತು. ಶಂಕರಣ್ಣ ತಾಂಬೂಲದ ತಟ್ಟೆಯಿಂದ ತೆಂಗಿನಕಾಯಿಯನ್ನೇ ಎತ್ತಿಕೊಂಡ. ಸುಣ್ಣದ ಡಬ್ಬಿಗೆ ಬೆರಳದ್ದಿ ಅದರ ಮೇಲೆ ಒಂದು ಬೊಟ್ಟಿಟ್ಟು ಇದು ನಮ್ಮ ರಿಪ್ಪನ್‌ಪೇಟೆ ಎಂದ. ಮೂಡಲಿಗೆ ದೂರದಲ್ಲಿ ಇನ್ನೊಂದು ಬೊಟ್ಟಿಟ್ಟ. ಕಾಯಿಯನ್ನು ದೀಪದ ಕಂಬದ ಮುಂದೆ ಮೆಲ್ಲಗೆ ತಿರುಗಿಸಿದ. ನೋಡಿ, ಮೂಡಲ ಬೊಟ್ಟು ದೀಪದೆದುರು ಮೊದಲು ಬರುತ್ತದೆ, ನಮ್ಮದು ಆಮೇಲೆ. ಪ್ರತಿ ಊರಿಗೂ ಅದರದೇ ಮಧ್ಯಾಹ್ನ. ಆದರೆ ಒಂದೊಂದು ಊರೂ ತನ್ನದೇ ಗಡಿಯಾರ ಇಟ್ಟುಕೊಂಡರೆ ರೈಲು ಓಡಿಸುವುದು ಹೇಗೆ? ಅದಕ್ಕೇ ಸರ್ಕಾರ ಆ ಮೂಡಲ ಬೊಟ್ಟಿನ ಹೊತ್ತನ್ನೇ ಇಡೀ ದೇಶಕ್ಕೆ ಹಂಚಿದೆ. ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯ ಅವರ ನೆತ್ತಿಯ ಮೇಲಿರುತ್ತಾನೆ, ನಮ್ಮ ನೆತ್ತಿಗೆ ಬರಲು ಇನ್ನೂ ಹೆಚ್ಚುಕಮ್ಮಿ ಅರ್ಧ ಗಂಟೆ ಬೇಕು.

ಮಾವ ಕಣ್ಣು ಬಾಯಿ ಬಿಟ್ಟುಕೊಂಡು ಕೇಳಿದರು. ಅವರು ಹೇಳಿದ ಮಾತು ಬಾಗಿಲ ಹಿಂದಿದ್ದ ನನಗೂ ಕೇಳಿಸಿತು.

"ಹಂಗಾದ್ರೆ ಇಷ್ಟ್ ವರ್ಷ ನಾನು ಬೇರೆಯೋರ ಮಧ್ಯಾಹ್ನದಲ್ಲಿ ಊಟ ಮಾಡ್ತಿದ್ನಲ್ಲ ಮಾರಾಯ್ರೆ."

ಭಟ್ಟರು ಬರೆದುಕೊಟ್ಟ ಹನ್ನೆರಡು ಇಪ್ಪತ್ತರಲ್ಲಿ ಆ ವ್ಯತ್ಯಾಸ ಆಗಲೇ ಸೇರಿಹೋಗಿದೆ, ನೀವು ಬೇರೆ ಏನೂ ಮಾಡಬೇಕಾಗಿಲ್ಲ ಎಂಬುದನ್ನು ಅಣ್ಣ ಹೇಳಿದನಂತೆ. ಮಾವ ಕೇಳಿಸಿಕೊಳ್ಳಲಿಲ್ಲವಂತೆ. ಹೇಳಲೇ ಇಲ್ಲ ಎಂದು ಅವರ ಕಡೆಯವರು ಕೊನೆಯವರೆಗೂ ವಾದಿಸಿದರು. ಏನೇ ಇರಲಿ, ಒಂದು ವಿಷಯ ತಲೆಗೆ ಹೋದರೆ ಅದನ್ನು ಆಚರಣೆಗೆ ತರದೆ ಬಿಡುವ ಮನುಷ್ಯ ಅವರಲ್ಲ. ಮನೆಗೆ ಹೋದವರೇ ಗೋಡೆಯ ಗಡಿಯಾರವನ್ನೂ ತಮ್ಮ ಕೈಗಡಿಯಾರವನ್ನೂ ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿ, ಇನ್ನು ನಮ್ಮ ಮನೆಯಲ್ಲಿ ನಮ್ಮದೇ ಹೊತ್ತು ಎಂದು ಸಾರಿದರು. ಇದು ವಿಜ್ಞಾನ, ಎಲ್ಲರೂ ಮಾಡಿಕೊಳ್ಳುತ್ತಾರೆ ಎಂದುಕೊಂಡು ನಮಗೆ ಹೇಳಿಕಳಿಸಲೂ ಇಲ್ಲ.

ನಮ್ಮ ಮನೆಯಲ್ಲೂ ಕಥೆ ಬೇರೆಯಾಗಿರಲಿಲ್ಲ. ಅವ್ವ ಅಪ್ಪಯ್ಯನನ್ನು ಕಾಡಿ ಗೋಡೆಯ ಗಡಿಯಾರವನ್ನು ಹಿಂದಕ್ಕೆ ಇಡಿಸಿದಳು. ಎರಡು ದಿನ ಬಿಟ್ಟು, ತಪ್ಪೋ ಏನೋ ಎಂದು ಹೆದರಿ ತಾನೇ ಸ್ಟೂಲು ಹತ್ತಿ ಮುಂದಕ್ಕೆ ಇಟ್ಟಳು. ಅದು ತಿಳಿಯದ ಅಪ್ಪಯ್ಯ, ಗಡಿಯಾರ ತಾನಾಗಿಯೇ ಮುಂದೆ ಓಡಿದೆ ಎಂದುಕೊಂಡು ಮತ್ತೆ ಹಿಂದಕ್ಕೆ ತಳ್ಳಿದರು. ಹೀಗೆ ಎಷ್ಟು ಸಲ ನಡೆಯಿತೋ, ಮದುವೆಯ ಹೊತ್ತಿಗೆ ಆ ಗಡಿಯಾರ ಯಾರ ಹೊತ್ತು ತೋರಿಸುತ್ತಿತ್ತು ಎಂದು ಆಣೆ ಮಾಡಿ ಹೇಳುವವರು ಮನೆಯಲ್ಲಿ ಒಬ್ಬರೂ ಉಳಿದಿರಲಿಲ್ಲ.

ಭಟ್ಟರು ಮಾತ್ರ ನಿಶ್ಚಿಂತೆಯಿಂದಿದ್ದರು. ಗಡಿಯಾರಗಳು ಹಾಳಾಗಲಿ, ಗಳಿಗೆ ಬಟ್ಟಲು ಇದೆಯಲ್ಲ ಎಂದರು. ಅದು ಅವ್ವನ ತವರಿನದು. ಅವ್ವನ ಮದುವೆಯ ಮುಹೂರ್ತವನ್ನೂ ಅದೇ ಹೇಳಿತ್ತು. ಮದುವೆಯ ದಿನ ಬೆಳಗಿನ ಜಾವವೇ ಭಟ್ಟರು ಸ್ನಾನ ಮುಗಿಸಿ ಹಂಡೆಯಲ್ಲಿ ನೀರು ತುಂಬಿಸಿಕೊಂಡು ಮೂಡಲ ಕಡೆ ಮುಖ ಮಾಡಿ ನಿಂತರು. ಸೂರ್ಯ ಕಾಣಿಸಿದ ಕೂಡಲೆ ಕೈಮುಗಿದು ಬಟ್ಟಲನ್ನು ತೇಲಿಬಿಟ್ಟರು. ಅಣ್ಣ ಪಕ್ಕದಲ್ಲೇ ಹಲ್ಲುಜ್ಜುತ್ತಿದ್ದ. ಬಾಯಿ ಮುಕ್ಕಳಿಸಿ, ನಿಜ ಹೇಳಬೇಕೆಂದರೆ ಸೂರ್ಯ ಇನ್ನೂ ಹುಟ್ಟಿಲ್ಲ ಎಂದ. ಗಾಳಿಯಲ್ಲಿ ಹಾದು ಬರುವಾಗ ಬೆಳಕು ಬಾಗುತ್ತದೆಯಂತೆ. ಅದರಿಂದ ಭೂಮಿಯ ಅಂಚಿನ ಕೆಳಗೇ ಇರುವ ಸೂರ್ಯ ನಮಗೆ ಮೇಲೆ ಬಂದವನ ಹಾಗೆ ಕಾಣುತ್ತಾನಂತೆ. ನೀರಿನ ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದಿಲ್ಲವೇ, ಹಾಗೆ.

ಭಟ್ಟರು ಮುಗಿದ ಕೈಯನ್ನು ಹಾಗೆಯೇ ಹಿಡಿದು ಅಣ್ಣನ ಕಡೆ ತಿರುಗಿದರು.

"ಹಂಗಾದ್ರೆ ನಾನೀಗ ನಮಸ್ಕಾರ ಮಾಡಿದ್ದು ಯಾರಿಗೆ ಮಾರಾಯಾ?"

ಅಣ್ಣ ಅದಕ್ಕೂ ಉತ್ತರ ಶುರುಮಾಡಿದ್ದ. ಅಷ್ಟರಲ್ಲಿ ಅವ್ವ ಅಡುಗೆ ಭಟ್ಟರಿಗೆ ಸೌದೆ ಬೇಕಂತೆ ಎಂದು ಅವನನ್ನು ಅಲ್ಲಿಂದ ಅಟ್ಟಿದಳು.

ಬಟ್ಟಲು ಕಾಯುವ ಕೆಲಸ ಗಂಗತ್ತೆಗೆ ಸಿಕ್ಕಿತು. ಗಂಗತ್ತೆ ಅಪ್ಪಯ್ಯನ ಅಕ್ಕ. ಒಂದೇ ಕಡೆ ಅಲ್ಲಾಡದೆ ಕೂರಬಲ್ಲವಳು ಮನೆಯಲ್ಲಿ ಅವಳೊಬ್ಬಳೇ, ಅದಕ್ಕೇ ಅವಳು. ಬಟ್ಟಲು ಮುಳುಗಿದಾಗಲೆಲ್ಲ ಎತ್ತಿ ಮತ್ತೆ ತೇಲಿಬಿಡಬೇಕು, ಲೆಕ್ಕಕ್ಕೆ ಒಂದು ಅಡಿಕೆ ಹೋಳು ತೆಗೆದು ಎದುರಿನ ತಟ್ಟೆಯಲ್ಲಿಡಬೇಕು. ತಟ್ಟೆಯಲ್ಲಿ ಹದಿನಾರು ಹೋಳಾದಾಗ ಸೂರ್ಯ ನೆತ್ತಿಗೆ ಬಂದಂತೆ, ಆಗ ಕೂಗಬೇಕು. ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ನಮ್ಮ ಕಡೆ ಯಾವುದನ್ನು ಎಣಿಸುವುದಿದ್ದರೂ ಕೈಗೆ ಮೊದಲು ಸಿಗುವುದು ಅಡಿಕೆಯೇ. ಹಾಗಾಗಿ ಅಡಿಕೆ ಹೋಳಿನ ಬದಲು ಹುಣಸೆಬೀಜ ಇಟ್ಟುಕೋ ಎಂದು ಹೇಳಲು ಯಾರಿಗೂ ತೋಚಲಿಲ್ಲ.

ಅಣ್ಣ ಇಷ್ಟಕ್ಕೆ ತೃಪ್ತನಾಗದೆ ಚಪ್ಪರದ ಆಚೆ ಬಯಲಲ್ಲಿ ಒಂದು ಕೋಲು ನೆಟ್ಟಿದ್ದ. ಕೋಲಿನ ನೆರಳು ಅತ್ಯಂತ ಗಿಡ್ಡವಾದ ಕ್ಷಣವೇ ನಿಜವಾದ ಮಧ್ಯಾಹ್ನ, ಅದಕ್ಕೆ ಗಡಿಯಾರವೂ ಬೇಡ ಬಟ್ಟಲೂ ಬೇಡ ಎಂದು ನೆಂಟರಿಗೆಲ್ಲ ತೋರಿಸುತ್ತಿದ್ದ. ದಿಬ್ಬಣ ಬರುವುದು ತಡವಾಯಿತು. ಬಸ್ಸಿನಲ್ಲಿ ಬರುತ್ತಿದ್ದಾರೆಂದರೆ ತಡವಾಗಲೇಬೇಕು ಎಂದು ಅಪ್ಪಯ್ಯ ಒಬ್ಬರೇ ಸಮಾಧಾನದಿಂದಿದ್ದರು. ಕೊನೆಗೂ ಬಂದಿಳಿದ ಮಾವ, ನೋಡಿ, ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದೇವೆ ಎಂದು ಅಪ್ಪಯ್ಯನಿಗೆ ಕೈಗಡಿಯಾರ ತೋರಿಸಿದರು. ಅಪ್ಪಯ್ಯ ಅದನ್ನು ನೋಡಿ, ಗೋಡೆಯ ಗಡಿಯಾರ ನೋಡಿ, ಏಜೆಂಟರ ಮೇಜಿನಿಂದ ತಂದಿಟ್ಟುಕೊಂಡಿದ್ದ ಟೈಂಪೀಸನ್ನೂ ನೋಡಿದರು. ಮೂರೂ ಮೂರು ದಾರಿ ಹಿಡಿದಿದ್ದವು. ಆಗಲೇ ಮೇ ತಿಂಗಳ ಮೋಡ ಬಂದು ಸೂರ್ಯನನ್ನು ಮುಚ್ಚಿತು. ಬಯಲಿನ ಕೋಲು ನೆರಳಿಲ್ಲದೆ ಬರೀ ಕೋಲಾಯಿತು.

ಆ ಹೊತ್ತಿಗೆ ನನ್ನನ್ನು ಮಂಟಪಕ್ಕೆ ಕರೆತಂದು ನಿಲ್ಲಿಸಿದ್ದರು. ನನಗೂ ಹುಡುಗನಿಗೂ ನಡುವೆ ಬಿಳಿಯ ತೆರೆ ಹಿಡಿದಿದ್ದರು. ತೆರೆಯ ಕೆಳಗೆ ಅವರ ಕಾಲು ಮಾತ್ರ ಕಾಣುತ್ತಿತ್ತು. ಮುಹೂರ್ತ ಬಂದಾಗ ತೆರೆ ಸರಿಸುತ್ತಾರೆ, ಅಲ್ಲಿಯವರೆಗೆ ತಲೆ ಎತ್ತಬಾರದು. ನಾನು ಆ ಕಾಲುಗಳನ್ನೇ ನೋಡುತ್ತಾ ಸುತ್ತಲಿನ ಗಲಾಟೆ ಕೇಳುತ್ತಾ ನಿಂತೆ. ಇನ್ನೂ ಹೊತ್ತಿದೆ ಎಂದು ಮಾವ. ಹೊತ್ತು ಮೀರುತ್ತಿದೆ ಎಂದು ಅವ್ವ. ಗಡಿಯಾರದ ಮಾತು ಬೇಡ, ಬಟ್ಟಲು ಏನು ಹೇಳುತ್ತದೆ ಎಂದು ಭಟ್ಟರು. ಎಲ್ಲರೂ ಗಂಗತ್ತೆಯ ಕಡೆ ತಿರುಗಿದರು. ತಟ್ಟೆಯಲ್ಲಿ ಹದಿನಾಲ್ಕು ಹೋಳಿದ್ದವು. ಹಾಗಾದರೆ ಇನ್ನೂ ಬಹಳ ಹೊತ್ತಿದೆ ಎಂದು ಭಟ್ಟರು ಮಂತ್ರ ನಿಧಾನ ಮಾಡುವುದರಲ್ಲಿದ್ದರು. ಆಗ ಯಾರೋ ಗಂಗತ್ತೆಯ ಬಾಯಿ ನೋಡಿದರು. ಅದು ಕೆಂಪಗಿತ್ತು.

ಗಂಗತ್ತೆ ಅಗಿಯುವುದನ್ನು ನಿಲ್ಲಿಸಿದಳು. ಎಲೆಗೆ ಸುಣ್ಣ ಹಚ್ಚಿಕೊಂಡದ್ದು ಅವಳಿಗೆ ನೆನಪಿತ್ತು. ಅಡಿಕೆಯನ್ನು ಎಲ್ಲಿಂದ ತೆಗೆದುಕೊಂಡೆ ಎಂಬುದು ನೆನಪಿರಲಿಲ್ಲ. ಒಂದೇ ಸಲ ಹಾಕಿಕೊಂಡದ್ದೋ, ಎರಡು ಸಲವೋ, ಬೆಳಿಗ್ಗೆ ಕಾಫಿಯಾದ ಮೇಲೆ ಇನ್ನೊಂದು ಸಲವೋ ಎಂದು ಕೇಳಿದ್ದಕ್ಕೆ ಪಾಪ ಅವಳು ಅಳುವುದಕ್ಕೇ ಶುರುಮಾಡಿದಳು.

ಈಗ ಉಳಿದವನು ಅಣ್ಣ ಒಬ್ಬನೇ. ಅವ್ವ ಅವನ ತೋಳು ಹಿಡಿದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಮೊದಲು ಕೇಳಿರಲಿಲ್ಲ.

"ಶಂಕರಾ, ಹೊತ್ತು ಇದ್ಯಾ, ಹೋಯ್ತಾ? ಅಷ್ಟ್ ಹೇಳು ಸಾಕು."

"ಅವ್ವಾ, ಅದು ಹೆಂಗೆ ಅಂದ್ರೆ..." ಎಂದು ಅಣ್ಣ ಶುರುಮಾಡಿದ.

ಮುಹೂರ್ತ ಒಂದು ಚುಕ್ಕಿಯಲ್ಲವಂತೆ, ಸೂರ್ಯ ನೆತ್ತಿಗೆ ಬರುವ ಆಚೆ ಈಚೆ ಒಂದೊಂದು ಗಳಿಗೆ ಇರುತ್ತದಂತೆ. ಮಾವನವರದು ಸೂರ್ಯನ ಹೊತ್ತು, ಅಪ್ಪಯ್ಯನದು ಸರ್ಕಾರದ ಹೊತ್ತು. ಅದರಲ್ಲಿ ಇದನ್ನು ಕಳೆದರೆ, ಅತ್ತೆಯ ಹೋಳು ಎರಡೇ ಎಂದು ಹಿಡಿದರೆ... ಅವ್ವ ಕೈಬಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ತಿಳಿದವನೂ ಒಂದು ಮಾತಿನಲ್ಲಿ ಹೇಳಲಾರದೆ ನಿಂತದ್ದು ಕಂಡು ನನಗೆ ಅವನ ಮೇಲೆ ಮೊದಲ ಸಲ ಸಿಟ್ಟು ಬಂತು. ಆಗ ತೆರೆಯ ಆಚೆಯಿಂದ, ನನ್ನೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಒಂದು ಮಾತು ಬಂತು.

"ನನ್ ವಾಚು ನಿಂತು ಎರಡು ದಿನ ಆಯ್ತು."

ನನ್ನ ಗಂಡ ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ತಲೆ ತಗ್ಗಿಸಿಕೊಂಡೇ ನಕ್ಕುಬಿಟ್ಟೆ. ಅಷ್ಟರಲ್ಲಿ ಭಟ್ಟರು ಏನು ಅಂದಾಜು ಮಾಡಿಕೊಂಡರೋ, ವಾದ್ಯದವರಿಗೆ ಕೈ ಮಾಡಿದರು. ಓಲಗ ಮೊಳಗಿತು, ತೆರೆ ಸರಿಯಿತು, ಅಪ್ಪಯ್ಯ ಧಾರೆ ಎರೆದರು. ಅಕ್ಷತೆ ಬೀಳುವಾಗ ನಾನು ಅವ್ವನನ್ನು ನೋಡಿದೆ. ಅವಳು ಅಕ್ಷತೆಯನ್ನು ಮುಷ್ಟಿಯಲ್ಲೇ ಹಿಡಿದು ಗೋಡೆಯ ಗಡಿಯಾರ ನೋಡುತ್ತಿದ್ದಳು.

ಮದುವೆಯ ಗಲಿಬಿಲಿ ಆಮೇಲೆ ನೆಂಟರಿಷ್ಟರಿಗೆ ನಗುವ ಕಥೆಯಾಯಿತು. ಮಾವ ಆ ಕೈಗಡಿಯಾರವನ್ನು ಸಾಯುವವರೆಗೂ ಅರ್ಧ ಗಂಟೆ ಹಿಂದೆಯೇ ಇಟ್ಟುಕೊಂಡಿದ್ದರು, ಮನೆಗೆ ಬಂದವರೆಲ್ಲ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಆದರೆ ಅವ್ವ ಆ ಕಥೆಗೆ ಒಮ್ಮೆಯೂ ನಗಲಿಲ್ಲ. ನನ್ನ ಮೊದಲ ಕೂಸು ಹುಟ್ಟಿ ಉಳಿಯಲಿಲ್ಲ. ಬಾಣಂತನಕ್ಕೆಂದು ಬಂದಿದ್ದ ಅವ್ವ ನನ್ನ ಪಕ್ಕ ಕೂತು ತಲೆ ಸವರುತ್ತಿದ್ದಳು. ಆದರೆ ಅವಳ ಕಣ್ಣು ಏನನ್ನು ಲೆಕ್ಕ ಹಾಕುತ್ತಿದೆ ಎಂದು ನನಗೆ ತಿಳಿಯಿತು. ಆಮೇಲೆ ಎರಡು ಮಕ್ಕಳಾಗಿ ಚೆನ್ನಾಗಿ ಬೆಳೆದವು. ಆಗ ಅವ್ವ, ಹೊತ್ತು ಸಿಕ್ಕಿತ್ತೇನೋ ಎನ್ನುತ್ತಿದ್ದಳು. ನಮ್ಮ ಯಜಮಾನರಿಗೆ ಟೈಫಾಯ್ಡ್ ಆಯಿತು, ಸಿಗಲಿಲ್ಲವೇನೋ ಎಂದಳು. ಇವರು ಗುಣವಾದರು, ಮತ್ತೆ ಸಿಕ್ಕಿತು. ಹೀಗೆ ನನ್ನ ಮದುವೆಯ ಮುಹೂರ್ತ ವರ್ಷಾನುವರ್ಷ ನಮ್ಮ ಮನೆಯ ಗಡಿಯಾರದ ಹಾಗೆಯೇ ಹಿಂದೆ ಮುಂದೆ ಆಗುತ್ತಿತ್ತು. ನಾನು ಸುಖವಾಗಿದ್ದೇನೆ ಅವ್ವಾ ಎಂದರೆ ಅವಳು ನಂಬುತ್ತಿದ್ದಳು, ಆದರೆ ನಾಳೆಯವರೆಗೆ ಮಾತ್ರ.

ಅವ್ವ ಕೊನೆಗೆ ಸಾಗರದಲ್ಲಿ ಅಣ್ಣನ ಮನೆಯಲ್ಲಿ ಹಾಸಿಗೆ ಹಿಡಿದಳು. ನಾನು ಹೋಗಿ ಜೊತೆಗಿದ್ದೆ. ಒಂದು ಮಧ್ಯಾಹ್ನ, ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ, ಅವಳು ಅಣ್ಣನನ್ನು ಹತ್ತಿರ ಕರೆದಳು. ಇವಳ ಧಾರೆ ಹೊತ್ತಿಗೆ ಸರಿಯಾಗಿ ಆಗಿತ್ತೇನೋ ಎಂದು ಕೇಳಿದಳು. ಅಷ್ಟು ವರ್ಷದ ಮೇಲೆ, ಅದೇ ಸಣ್ಣ ದನಿಯಲ್ಲಿ. ನಾನು ಅಣ್ಣನ ಮುಖ ನೋಡಿದೆ. ಅವನ ಕೈ ಅಭ್ಯಾಸಬಲದಿಂದ ಮೇಜಿನ ಮೇಲಿದ್ದ ಮೂಸಂಬಿಯ ಕಡೆ ಹೋಯಿತು. ಭೂಮಿ ಇನ್ನೇನು ತಿರುಗತೊಡಗುತ್ತದೆ ಎಂದುಕೊಂಡೆ. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಸರಿಯಾಗೇ ಆಗಿತ್ತು ಅವ್ವಾ."

ಅವ್ವ ಕಾದಳು. ಅದು ಹೆಂಗೆ ಅಂದ್ರೆ ಎಂಬ ಮಾತು ಬರುತ್ತದೆಂದು ಕಾದಳು. ಬರಲಿಲ್ಲ.

"ಇಷ್ಟೇನಾ?" ಎಂದಳು. "ಇಷ್ಟ್ ಮಾತು ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲೋ."

ಹಾಗೆಂದು ಮಗ್ಗುಲಾಗಿ ಕಣ್ಣು ಮುಚ್ಚಿದಳು. ಅಷ್ಟು ನೆಮ್ಮದಿಯ ನಿದ್ದೆ ಅವಳಿಗೆ ಎಷ್ಟೋ ದಿನಗಳಿಂದ ಬಂದಿರಲಿಲ್ಲ. ಅಣ್ಣ ಹೊರಗೆ ಬಂದು ಜಗಲಿಯಲ್ಲಿ ಕೂತ. ನಾನೂ ಹೋಗಿ ಕೂತೆ. ನಿಜವಾಗಿಯೂ ಸರಿಯಾಗಿತ್ತೇ ಎಂದು ಕೇಳಿದೆ. ಅವನು ಗೊತ್ತಿಲ್ಲ ಎಂದ. ಎಷ್ಟೋ ಸಲ ಕೂತು ಲೆಕ್ಕ ಮಾಡಿದ್ದೇನೆ, ಗಂಗತ್ತೆ ಎಷ್ಟು ಹೋಳು ತಿಂದಳು ಎಂಬುದೊಂದು ಸಿಕ್ಕರೆ ಉಳಿದದ್ದೆಲ್ಲ ಹೇಳಬಲ್ಲೆ ಎಂದ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ತುಂಬಿತು. ನನ್ನದೂ ತುಂಬಿತು. ಅದಾದ ವಾರಕ್ಕೇ ಅವ್ವ ಹೋದಳು. ಬಟ್ಟಲು ನನ್ನ ಪಾಲಿಗೆ ಬಂತು.

ಇವತ್ತು ಬೆಳಿಗ್ಗೆ ಮೊಮ್ಮಗಳು ಖಾಲಿ ಬಟ್ಟಲು ಹಿಡಿದು ಮತ್ತೆ ಒಳಗೆ ಬಂದಳು. ನಾನು ಹೇಳಿದ ತೂತಿನ ವಿವರಣೆ ಅವಳ ತಲೆಯಲ್ಲೂ ಉಳಿದಿರಲಿಲ್ಲ. ಕಟ್ಟೆಯ ಮೇಲೆ ಹಕ್ಕಿಯೊಂದನ್ನೂ ನೋಡಲಿಲ್ಲವಂತೆ, ಆದರೂ ನೀರೆಲ್ಲ ಹೋಗಿದೆಯಂತೆ. ನಿಜ ಹೇಳು ಅಜ್ಜಿ, ಹಕ್ಕಿಗಳೇ ಕುಡಿದದ್ದಾ ಎಂದು ಕೇಳಿದಳು. ಬಿಸಿಲಿನಲ್ಲಿ ಅವಳ ಮುಖ ಬಾಡಿತ್ತು. ನಾನು ಅದು ಹೇಗೆಂದರೆ ಎಂದು ಬಾಯಿ ತೆರೆದವಳು, ಹೌದು ಎಂದುಬಿಟ್ಟೆ.

"ಇಷ್ಟೇನಾ?" ಎಂಬಂತೆ ಅವಳು ನನ್ನ ಮುಖ ನೋಡಿದಳು. ಆಮೇಲೆ ಬಟ್ಟಲನ್ನು ಮತ್ತೆ ತುಂಬಿಸಿಕೊಂಡು ಬರಲು ಓಡಿದಳು.